ಫಕೀರವ್ವನ ನೀಲಿ ತಾಡಪತ್ರಿ

ಎರಡು ಸಾವಿರದ ಮುನ್ನೂರ ಹನ್ನೊಂದನೇ ಇಸವಿ, ಹದಿನಾಲ್ಕನೇ ತಿಂಗಳು, ನಲವತ್ತನೇ ತಾರೀಖು. ಉರಿಬಿಸಿಲು.

ನಮ್ಮ ಮನೆತನದ ಮೂಲಸ್ತಂಭವೂ ಉಳ್ಳಾಗಡ್ಡಿ ಬೆಳೆಯ ಮಹಾರಾಣಿಯೂ ಆದ ಫಕೀರವ್ವ ಆಯಿಯ ಪಾದಗಳಿಗೆ, ಇನ್ನೂ ಹುಟ್ಟದ, ಹತ್ತು ತಲೆಮಾರು ಆಚೆಯ ಮೊಮ್ಮಗ ಗುದ್ನೆಪ್ಪನ ಸಾಷ್ಟಾಂಗ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡ. ಬೇಸಿಗೆ ಮುಗಿಯದ್ದರಿಂದ ನಮ್ಮ ಹಿರಿಯರು ಅದಕ್ಕೆ ಇನ್ನೆರಡು ತಿಂಗಳು, ತಿಂಗಳಿಗೆ ಇನ್ನು ಹತ್ತು ದಿನ ಮಂಜೂರು ಮಾಡಿದ್ದಾರೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ಗಾಬರಿಯಾಗಬೇಕಾದ ವಿಷಯ ಮುಂದಿದೆ.

ನಿನ್ನ ಕಾಲದವರು ನೆಲವನ್ನು ಮನಸ್ಸಿಗೆ ಬಂದಂತೆ ಬದಲಿಸಿ ಹೋದದ್ದರಿಂದ ನಮ್ಮವರು ಕಾನೂನು ಮಾಡಿದರು: ನೆಲ ಹಿಂದೆ ಇದ್ದಂತೆಯೇ ಇರತಕ್ಕದ್ದು. ಹಿಂದೆ ಎಂದರೆ ಯಾವಾಗ? ಅದಕ್ಕೆ ನಿನ್ನ ಕಾಲದ ಉಪಗ್ರಹವೊಂದು ಒಂದೇ ಒಂದು ದಿನ ತೆಗೆದ ಚಿತ್ರವನ್ನು ಆರಿಸಿದ್ದಾರೆ. ಅದು ಮೂಲಚಿತ್ರ. ನೀವು ದೇವರಿಗೆ ಕೊಡುತ್ತಿದ್ದ ಮರ್ಯಾದೆಯನ್ನು ನಾವು ಅದಕ್ಕೆ ಕೊಡುತ್ತೇವೆ. ಬಣ್ಣಗಾರ ಎಂಬ ಯಂತ್ರ ಅದರ ಒಂದೊಂದು ಚೌಕವನ್ನೂ ನೋಡಿ ಇದು ಹೊಲ, ಇದು ಮನೆ, ಇದು ನೀರು ಎಂದು ಬಣ್ಣ ಹಚ್ಚಿದೆ. ಅದರ ಮೇಲೆ ಇಂದಿನ ಚಿತ್ರವನ್ನು ಹಾಸುತ್ತಾರೆ. ಎರಡೂ ಕೂಡದ ಜಾಗ ಕೆಂಪಾಗುತ್ತದೆ. ಕೆಂಪಾದ ಕಡೆ ಮರುಗಾಲಿ ಬರುತ್ತದೆ. ಮರುಗಾಲಿ ಎಂದರೆ ಗುಡಿಯಷ್ಟು ಎತ್ತರದ, ಕಿವಿಯಿಲ್ಲದ, ನೆಲವನ್ನು ಮೊದಲಿನಂತೆ ಮಾಡಿಯೇ ಬಿಡುವ ಬಂಡಿ. ಮೊನ್ನೆ ಬಸಲಿಂಗಣ್ಣನ ಮನೆ ಕೆಂಪಾಯಿತು. ಈಗ ಅವನ ಅಡುಗೆಮನೆ ಇದ್ದಲ್ಲಿ ಜೋಳ ಬಿತ್ತಿದೆ. ಒಲೆಯ ಕಲ್ಲನ್ನೂ ಬಿಡಲಿಲ್ಲ.

ಇವತ್ತು ನಮ್ಮ ಓಣಿ ಕೆಂಪಾಗಿದೆ, ಮರುಗಾಲಿ ಹೊರಟಿದೆ. ಮೂಲಚಿತ್ರದಲ್ಲಿ ನಮ್ಮ ಓಣಿ ಕೆರೆಯಂತೆ.

ಆಯಿ, ಅದು ಕೆರೆಯಲ್ಲ. ಅಕಾಲ ಮಳೆಗೆ ಹೆದರಿ ನೀನು ನಿನ್ನ ಓಣಿಯವರ ನೀಲಿ ಪ್ಲಾಸ್ಟಿಕ್ ತಾಡಪತ್ರಿಗಳನ್ನೆಲ್ಲ ಇಸಿದುಕೊಂಡು, ಒಂದಕ್ಕೊಂದು ಹೊಲಿದು, ಈಗ ನಮ್ಮ ಓಣಿ ಇರುವ ಬಯಲಿನಲ್ಲಿ ಉಳ್ಳಾಗಡ್ಡಿ ರಾಶಿಗೆ ಹೊದಿಸಿದ ಕಥೆಯನ್ನು ನಮ್ಮ ಮನೆಯಲ್ಲಿ ಇನ್ನೂ ಹೇಳುತ್ತಾರೆ. ಹಿಂದಿನ ವಾರದ ಚಿತ್ರದಲ್ಲಿ ಬಯಲು, ಮುಂದಿನ ವಾರದ್ದರಲ್ಲೂ ಬಯಲು, ನಡುವಿನ ಮೂಲಚಿತ್ರದಲ್ಲಿ ಮಾತ್ರ ನೀರು! ನಮ್ಮವ್ವ ಅಧಿಕಾರಿಯ ಮುಂದೆ ಸೆರಗು ಕಟ್ಟಿ ನಿಂತು, "ನಾಕು ಮೂಲಿ ಕೆರಿ ಎಲ್ಲ್ಯರ ಕಂಡೀರೇನ್ರಿ ಸಾಹೇಬ್ರ?" ಎಂದಳು. ಆತ ಬಹಳ ಕನಿಕರದಿಂದ, "ಚಿತ್ರದಾಗ ನೀರು ಐತಿ ಅಂದ್ರ ಇತ್ತವ್ವ. ನೀವ ಬಂದು ಕೆರಿಯಾಗ ಕುಂತೀರಿ" ಎಂದ. ನಾನು ಎಲ್ಲರನ್ನೂ ನಗಿಸಲೆಂದು ಓಣಿಯ ಈಜು ಸಂಘ ಸ್ಥಾಪಿಸಿ, ನನ್ನನ್ನೇ ಅಧ್ಯಕ್ಷನನ್ನಾಗಿ ಅವಿರೋಧವಾಗಿ ಆರಿಸಿಕೊಂಡೆ. ಯಾರೂ ನಗಲಿಲ್ಲ. ತಂಗಿ ಮಾತ್ರ ತನ್ನ ಕೋಳಿಗೆ ಈಜು ಬರುತ್ತದೆಯೇ ಎಂದು ಕೇಳಿದಳು. ಆಮೇಲೆ ನನಗೂ ನಗು ಬರಲಿಲ್ಲ.

ಆದ್ದರಿಂದ ಆಯಿ, ತಾಡಪತ್ರಿ ತೆಗೆ. ಆದರೆ ಬರೀ ತೆಗೆದರೆ ಸಾಲದು. ಅಲ್ಲಿ ಬಯಲು ಕಂಡರೆ ನಮ್ಮನ್ನೂ ಬಯಲು ಮಾಡುತ್ತಾರೆ. ರಾಶಿಯ ಮೇಲೆ ತಗಡು ಹಾಸು. ನಿನ್ನ ಮನೆಯ ಹಿಂದಿನ ಓಣಿಯ ಹನುಮವ್ವನ ಕುರಿದೊಡ್ಡಿಗೆ ತಗಡಿನ ಮಾಡು ಇತ್ತಲ್ಲ, ಅದನ್ನು ಬಣ್ಣಗಾರ ಮನೆ ಎಂದು ಓದಿದೆ. ಅದರ ಪುಣ್ಯದಿಂದ ಅವಳ ವಂಶದವರು ಈಗಲೂ ಅಲ್ಲೇ ಊಟ ಮಾಡುತ್ತಿದ್ದಾರೆ. ಕುರಿಯನ್ನು ಮನುಷ್ಯರೆಂದು ನಂಬುವ ಯಂತ್ರ ಉಳ್ಳಾಗಡ್ಡಿಯನ್ನು ನಂಬದೆ ಇರುತ್ತದೆಯೇ? ಹನುಮವ್ವನ ಜೊತೆ ನಿನಗೆ ಮಾತಿಲ್ಲ ಎಂಬುದೂ ಗೊತ್ತು. ದಯವಿಟ್ಟು ಮಾತಾಡು. ತಗಡು ಅವಳ ಬಳಿಯೇ ಇರುವುದು. ಮಳೆ ನಿಂತು ಬಿಸಿಲು ಬಿದ್ದ ಮೊದಲ ಬೆಳಿಗ್ಗೆಯೇ ಉಪಗ್ರಹ ನಿನ್ನ ತಲೆಯ ಮೇಲೆ ಹಾದುಹೋಗುತ್ತದೆ.

ನೀನು ಇದನ್ನು ಓದಿ ತಗಡು ಹಾಸಿದ್ದರೆ ಇಷ್ಟೊತ್ತಿಗೆ ಮರುಗಾಲಿಯ ಸದ್ದು ನಿಲ್ಲಬೇಕಿತ್ತು. ಈಗ ಗೋಡೆಯ ಮೇಲಿನ ತಾಟುಗಳೂ ನಡುಗುತ್ತಿವೆ.

ಸ್ವಲ್ಪ ಬೇಗ ಓದು, ಆಯಿ.

ಇಂತಿ ನಿನ್ನ ಮೊಮ್ಮಗ,
ಗುದ್ನೆಪ್ಪ,
ಅಧ್ಯಕ್ಷ, ಓಣಿಯ ಈಜು ಸಂಘ. (ಈಜು ಬರುವುದಿಲ್ಲ.)