ಮಂಪರಿನಲ್ಲಿ ಭೀಮೆ

ಅತ್ತೆಯವರೇ,

ಸಿಂದಗಿ ಬಸ್ಸಿನ ಹೊತ್ತಾಯಿತು, ಶಾಲೆಗೆ ಹೊರಟೆ. ನಿಮ್ಮ ಮಗ ನೋವಿನ ಗುಳಿಗೆಯ ಮಂಪರಿನಲ್ಲಿದ್ದಾರೆ, ಎಬ್ಬಿಸಬೇಡಿ. ತಾವಾಗಿ ಎದ್ದ ಮೇಲೆ ರೊಟ್ಟಿ ತಿನ್ನಿಸಿ, ಸಕ್ಕರೆ ಕಾಯಿಲೆಯ ಗುಳಿಗೆ ಕೊಡಿ.

ಸಡಿಲ ಲುಂಗಿಯೇ ಇರಲಿ. ಗಾಯದ ಪಟ್ಟಿ ಅಂಟಿಕೊಂಡಿದ್ದರೆ ಜಗ್ಗಬಾರದು. ಉಗುರುಬೆಚ್ಚಗಿನ ನೀರು ಇಟ್ಟರೆ ಸಾಕು, ನೆನೆಸಿ ತೆಗೆದು ಮುಲಾಮು ತಾವೇ ಹಚ್ಚಿಕೊಳ್ಳುತ್ತಾರೆ. ದಯವಿಟ್ಟು ಅರಿಷಿಣದ ಮಾತು ತೆಗೆಯಬೇಡಿ. ಸ್ವಲ್ಪ ಬಾವು ಇದ್ದೇ ಇರುತ್ತದೆ. ಆದರೆ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಮೂತ್ರ ಕಟ್ಟಿದರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ.

‘ನಮ್ಮೊಳಗ ಯಾರೂ ಇಂಥಾದ್ದು ಮಾಡಿಸ್ಕೊಂಡಿಲ್ಲ’ ಎಂದು ನಿನ್ನೆ ನೀವು ಅವರ ಕೋಣೆಗೇ ಹೋಗಲಿಲ್ಲ. ಸಕ್ಕರೆ ಕಾಯಿಲೆಯಿಂದ ಮುಂದೊಗಲು ಬಿಗಿದು, ಮೂತ್ರಕ್ಕೆ ಹೋದಾಗಲೆಲ್ಲ ಹಲ್ಲು ಕಚ್ಚಿ ಅಳುತ್ತಿದ್ದರು. ನಿಮಗೆ ಹೇಳಲು ನಾಚಿಕೊಂಡರು. ಡಾಕ್ಟರು ಅದನ್ನು ತೆಗೆದಿದ್ದಾರೆ, ಅಷ್ಟೇ.

ಬೆಳಗಿನ ಜಾವ ಹಾಸಿಗೆಯ ಮೇಲೆಯೇ ಕೈ ಬೀಸುತ್ತಿದ್ದರು, ಮೆಲ್ಲಗೆ, ಭೀಮೆಯಲ್ಲಿ ಈಜುವವರಂತೆ. ಇಷ್ಟು ದಿನದ ನೋವೆಲ್ಲ ಮುಖದಿಂದ ಹರಿದುಹೋಗಿ, ಮದುವೆಗೆ ಮುಂಚಿನ ಫೋಟೋದಲ್ಲಿರುವ ಹುಡುಗನ ಹಾಗೆ ಕಂಡರು. ಕಣ್ಣು ತೆರೆಯದೆಯೇ ನಕ್ಕು, ‘ಯವ್ವಾ, ನೀರು ತಂಪ ಅದಾವು. ದಂಡಿ ಮ್ಯಾಲ ಯಾಕ ನಿಂತಿ? ಒಳಗ ಬಾ’ ಎಂದರು.

ನಾನು ಕೈ ಹಿಡಿದೆ. ಆ ಕೈ ನಿಮ್ಮದಲ್ಲವೆಂದು ಗೊತ್ತಾಯಿತೇನೋ, ಬಿಡಿಸಿಕೊಂಡು ಮತ್ತೆ ಈಜತೊಡಗಿದರು.

ನಿಮ್ಮ ಕುರ್ಚಿಯನ್ನು ಅವರ ತಲೆದಿಂಬಿನ ಹತ್ತಿರ ಹಾಕಿದ್ದೇನೆ. ಚಹಾ ಅಲ್ಲಿಯೇ ಕೂತು ಕುಡಿಯಿರಿ.

ಪಲ್ಲವಿ