ನಿಂತವರನ್ನು ಎಣಿಸಬೇಡ ಎಂದರು

ಪ್ರಾದೇಶಿಕ ರಸ್ತೆ ಮತ್ತು ರೈಲು ಯೋಜನೆಯ ಮುಖ್ಯಾಧಿಕಾರಿಗಳೇ,

ಮುಂದಿನ ಇಪ್ಪತ್ತೈದು ವರ್ಷಕ್ಕೆಂದು ನೀವು ಮಾಡಿರುವ ಯೋಜನೆಯ ನೂರ ಹನ್ನೆರಡನೇ ಪುಟದಲ್ಲಿ ನಮ್ಮ ಸ್ಟೇಷನ್ನಿನ ಎದುರು ‘ಬೆಳಗಿನ ಪ್ಯಾಸೆಂಜರ್ ಹತ್ತುವವರು: ಸೊನ್ನೆ’ ಎಂದಿದೆ. ಆ ಸೊನ್ನೆ ಬರೆದವನು ನಾನು. ಅದು ಸುಳ್ಳು. ಅದನ್ನು ನಂಬಿ ಬರುವ ತಿಂಗಳಿಂದ ರೈಲು ನಮ್ಮಲ್ಲಿ ನಿಲ್ಲುವುದಿಲ್ಲ ಎಂದು ನೋಟಿಸ್ ಅಂಟಿಸಿದ್ದೀರಿ. ಹೆದ್ದಾರಿಯನ್ನು ಆರು ಪಥ ಮಾಡಲು ದುಡ್ಡು ಎತ್ತಿಟ್ಟಿದ್ದೀರಿ. ಆಕ್ಷೇಪಣೆ ಇದ್ದರೆ ಬರೆದುಕೊಡಿ ಎಂದಿರಿ. ಬರೆದುಕೊಟ್ಟೆ. ಕಾಗದಕ್ಕೆ ಸೀಲು ಬಿತ್ತು, ಉತ್ತರ ಬರಲಿಲ್ಲ. ಅದಕ್ಕೇ ಈಗ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಿಮ್ಮ ಸರ್ವೆ ಗುತ್ತಿಗೆದಾರನಿಗೆ ಅದು ಅಡ್ಡಿಯಾಗಲಿಲ್ಲ. ಬೆರಳಲ್ಲಿ ಒತ್ತಿ ಎಣಿಸುವ ಒಂದು ಯಂತ್ರ, ಒಂದು ಫಾರಂ, ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟ. ಮೂರು ದಿನ ಪ್ಲಾಟ್‌ಫಾರ್ಮಿನಲ್ಲಿ ಕೂತು, ಆರೂ ಹತ್ತರ ರೈಲಿಗೆ ಎಷ್ಟು ಜನ ಹತ್ತುತ್ತಾರೆ ಎಂದು ಬರೆಯಬೇಕು. ನನ್ನ ಗೆಳೆಯ ಡುಮ್ಮನನ್ನು ಗಾಡಿ ಎಣಿಸಲು ಹೆದ್ದಾರಿಯ ಪಕ್ಕ ಕೂರಿಸಿದರು.

ಆ ಮೂರೂ ದಿನ ರೈಲು ಬರಲಿಲ್ಲ. ಹಳಿ ರಿಪೇರಿ ಎಂದು ರದ್ದು ಮಾಡಿದ್ದರು. ರದ್ದು ಮಾಡಿದವರ ಕಚೇರಿ ನಿಮ್ಮ ಕಚೇರಿಯ ಮೇಲಿನ ಮಹಡಿಯಲ್ಲೇ ಇದೆಯಂತೆ. ಮಧ್ಯೆ ಮೆಟ್ಟಿಲು ಕಟ್ಟಿಲ್ಲವೇನೋ. ಮೊದಲ ದಿನ ಪ್ಲಾಟ್‌ಫಾರ್ಮಿನಲ್ಲಿ ನೂರ ನಲವತ್ತು ಜನ ನಿಂತಿದ್ದರು. ಆಯಾಗಳು, ಗಾರೆ ಕೆಲಸದವರು, ಕಾಲೇಜು ಹುಡುಗಿಯರು. ಸೂಪರ್‌ವೈಸರ್‌ಗೆ ಫೋನು ಮಾಡಿದೆ.

“ಸಾರ್, ರೈಲು ಬಂದಿಲ್ಲ. ಜನ ಇದಾರೆ. ಏನ್ ಬರೀಲಿ?”

“ಹತ್ತಿದ್ರಾ?”

“ರೈಲೇ ಇಲ್ವಲ್ಲ ಸಾರ್, ಯಾವುದಕ್ಕೆ ಹತ್ತಬೇಕು?”

“ಫಾರಂನಲ್ಲಿ ಹತ್ತಿದವರು ಅಂತಿದೆ. ನಿಂತವರು ಅಂತ ಕಾಲಂ ಇದೆಯಾ? ನಿಂತವರನ್ನ ಎಣಿಸ್ಬೇಡ. ಸೊನ್ನೆ ಹಾಕು. ತಲೆ ಓಡಿಸೋಕೆ ನಿನಗೆ ಕೂಲಿ ಕೊಡ್ತಿಲ್ಲ.”

ಹಾಕಿದೆ. ಮೂರು ದಿನ, ಮೂರು ಸೊನ್ನೆ, ಕೆಳಗೆ ನನ್ನ ಸಹಿ. ಹಾಕುವುದಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ.

ನನ್ನ ಫಾರಂನಲ್ಲಿ ಜಾಗ ಸಿಗದ ಆ ಜನ ಹೆದ್ದಾರಿಗೆ ನಡೆದು ಜೀಪು, ಟೆಂಪೋ ಹಿಡಿದರು. ಅವನ್ನೆಲ್ಲ ಡುಮ್ಮ ಎಣಿಸಿದ. “ಏನ್ ಗಾಡಿಗಳೋ ಇವತ್ತು, ಒತ್ತಿ ಒತ್ತಿ ಬೆರಳು ಊದ್ಕೊಂಡಿದೆ” ಎಂದ. ಇಬ್ಬರೂ ನಕ್ಕೆವು. ಈಗ ನಿಮ್ಮ ಪುಸ್ತಕ ಹೇಳುತ್ತದೆ, ಈ ಭಾಗದ ಜನರಿಗೆ ರೈಲಿಗಿಂತ ರಸ್ತೆಯ ಮೇಲೆ ಒಲವು ಎಂದು. ಜೀಪಿನ ಹಿಂದೆ ಒಂಟಿ ಕಾಲಲ್ಲಿ ನೇತಾಡುವುದಕ್ಕೆ ನಿಮ್ಮ ಕಡೆ ಒಲವು ಅನ್ನುತ್ತಾರೆಯೇ?

ಆ ನೂರ ನಲವತ್ತರಲ್ಲಿ ಒಬ್ಬಳು ನನ್ನ ಅಕ್ಕ. ಅಮ್ಮ ಹೋದ ಮೇಲೆ ಮನೆ ನಡೆಸುತ್ತಿರುವವಳು ಅವಳೇ. ನಗರದ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ಅವಳ ಎಡ ಮೊಣಕಾಲು ಮಡಚುವುದಿಲ್ಲ. ರೈಲಿನಲ್ಲಾದರೆ ಬಾಗಿಲ ಹತ್ತಿರ ಕಾಲು ಚಾಚಿ ಕೂರುತ್ತಾಳೆ. ಜೀಪಿನವನು, “ಅಕ್ಕಾ, ನಿನ್ನ ಕಾಲಿಗೇ ಇನ್ನೊಂದು ಸೀಟು ಬೇಕು, ಎರಡು ಚಾರ್ಜು ಕೊಡ್ತೀಯಾ?” ಎಂದ. ಎಲ್ಲರೂ ನಕ್ಕರು. ಅವಳು ಮೂರು ದಿನವೂ ಕೆಲಸಕ್ಕೆ ಹೋಗಲಿಲ್ಲ. ಇನ್ನೊಂದು ದಿನ ತಪ್ಪಿದರೆ ಬರುವುದೇ ಬೇಡ ಎಂದು ಆಸ್ಪತ್ರೆಯವರು ಬರೆಸಿಕೊಂಡಿದ್ದಾರೆ.

ಎಣಿಕೆಯ ಮೊದಲ ದಿನ ನನ್ನ ಕುರ್ಚಿಯ ಪಕ್ಕ ನಿಂತು ಕೇಳಿದ್ದಳು.

“ನನ್ನನ್ನ ಎಣಿಸಿದ್ಯೇನೋ?”

“ಇಲ್ಲ ಕಣೆ. ಹತ್ತಿದವರನ್ನ ಮಾತ್ರ.”

“ಆಯ್ತು ಬಿಡು. ಮೂರು ದಿನ ತಾನೆ.”

ನೋಟಿಸ್ ಓದಿದ ದಿನವೂ ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿಮ್ಮ ಅಹವಾಲು ಸಭೆಗೆ ಬಂದೆ. ನೀವು ಇರಲಿಲ್ಲ. ಮೇಜಿನ ಹಿಂದಿದ್ದವರು ದಾಖಲೆ ಎಲ್ಲಿ ಎಂದರು. ಬರೆದವನೇ ಬಂದಿದ್ದೇನೆ ಎಂದೆ. “ಹಾಗಾದ್ರೆ ಸೊನ್ನೆ ಅಂತ ನೀವೇ ಸಹಿ ಮಾಡಿದೀರಲ್ಲಪ್ಪ” ಎಂದರು. ನನಗೂ ನಗು ಬಂತು. ಮೊದಲಾಗಿದ್ದರೆ ಮೇಜು ಬೀಳಿಸುತ್ತಿದ್ದೆ. ಈಗ ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗಾಗಿದ್ದೇನೆ. ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ.

ಹೊಸ ರೈಲು ಕೇಳುತ್ತಿಲ್ಲ. ಹೆದ್ದಾರಿಯನ್ನು ಬೇಕಿದ್ದರೆ ಎಂಟು ಪಥ ಮಾಡಿಕೊಳ್ಳಿ. ರೈಲು ಓಡುವ ಯಾವುದಾದರೂ ಒಂದು ದಿನ, ಬೆಳಿಗ್ಗೆ ಒಬ್ಬನನ್ನು ಕಳಿಸಿ. ನನ್ನನ್ನು ಬೇಡ, ಕಣ್ಣು ಕಾಣುವ ಯಾರಾದರೂ ಸಾಕು. ಅವನು ಎಣಿಸಿ ಮುಗಿಸುವವರೆಗೆ ರೈಲು ಈಗಿನ ಹಾಗೇ ಎರಡು ನಿಮಿಷ ನಿಲ್ಲಲಿ. ಇಷ್ಟೇ ಬೇಡಿಕೆ.

ಒಂದನೇ ತಾರೀಖಿಗೆ ಏನು ಮಾಡುತ್ತೀಯೆ ಎಂದು ಅಕ್ಕನನ್ನು ಕೇಳಿದೆ. ಬುತ್ತಿ ಕಟ್ಟಿಕೊಂಡು ಎಂದಿನಂತೆ ಸ್ಟೇಷನ್ನಿಗೆ ಹೋಗುತ್ತಾಳಂತೆ. “ನಿಂತ್ರೆ ಹತ್ತೀನಿ. ನಿಲ್ಲದಿದ್ರೆ ಮನೆಗೆ ಬಂದು ಉಣ್ತೀನಿ” ಎಂದಳು.

ಇಂತಿ,
ನಿಮ್ಮ ಕೈಕೆಳಗೆ ಮೂರು ದಿನ ದುಡಿದವನು,
ಸದ್ಯ ಕೆಲಸವಿಲ್ಲ