ರೆಪ್ಪಿ ಮ್ಯಾಲಿನ ಮಚ್ಚಿ

ಸವದತ್ತಿ,
೬ ಫೆಬ್ರುವರಿ ೨೦೨೫

ನನ್ನವ್ವಾ ಗಂಗಾ,

ಪುಣೆದಾಗ ಆರಾಮ ಇದ್ದೀ ಏನು? ಹೊತ್ತಿಗೆ ಸರಿಯಾಗಿ ಉಣ್ತೀಯೋ, ಕ್ಯಾಮೆರಾ ಹಿಡಕೊಂಡು ಉಪಾಸ ಅಡ್ಡಾಡತೀಯೋ? ನಾ ಆರಾಮ ಅದೇನಿ. ಮೊಣಕಾಲ ಮಾತ್ರ ಹೇಳಿದ್ದು ಕೇಳೂದಿಲ್ಲ, ನಿನ್ನಂಗ.

ಜಡ್ಡಿನಾಗ ನೀ ತಗದ ನಿಮ್ಮವ್ವನ ಮೈ ಫೋಟೋ ಪ್ರದರ್ಶನಕ್ಕ ಇಡ್ತೇನಿ ಅಂದಾಗ ನಾ ಬೆಂಕಿ ಆಗಿ, ಹೊಸ್ತಿಲ ತುಳೀಬ್ಯಾಡ ಅಂದಿದ್ನಿ. ಎರಡ ವರ್ಷ ಆತು. ಮೊನ್ನೆ ಯಾರಿಗೂ ಹೇಳದ ಬಸ್ ಹತ್ತಿ ಬೆಳಗಾವಿಗೆ ಹೋಗಿ ನಿನ್ನ ಪ್ರದರ್ಶನ ನೋಡಿ ಬಂದ್ನಿ. ನೀ ಅವತ್ತ ಇರಲಿಲ್ಲ. ಬೈಯಾಕಂತನ ಹೋಗಿದ್ನಿ, ಸುಳ್ಳ ಯಾಕ ಹೇಳ್ಲಿ.

ಗ್ವಾಡಿ ತುಂಬ ನಿಮ್ಮವ್ವ, ನಮ್ಮ ಇಂದ್ರವ್ವ! ಒಂದರಾಗ ಬರೇ ಒಡದ ಹಿಮ್ಮಡ. ಒಂದರಾಗ ಎದಿ ತಗದ ಜಾಗಾದಾಗಿನ ಹೊಲಿಗಿ. ಕಡೀ ಫೋಟೋದಾಗ, ಜೀವ ಹೋದ ಮ್ಯಾಲ, ಮುಚ್ಚಿದ ಕಣ್ಣು. ಆಳೆತ್ತರ. ಎಡಗಣ್ಣಿನ ರೆಪ್ಪಿ ಮ್ಯಾಲ ಒಂದ ಸಣ್ಣ ಮಚ್ಚಿ. ಮೂವತ್ತೆಂಟ ವರ್ಷ ಬಾಳೇವು ಮಾಡೇನಿ, ಆ ಮಚ್ಚಿ ನಾ ನೋಡೇ ಇರಲಿಲ್ಲ! ಆಕಿ ನನಗಿಂತ ಮೊದಲ ಏಳಾಕಿ, ನಾ ಮಲಗಿದ ಮ್ಯಾಲ ಮಲಗಾಕಿ; ಕಣ್ಣ ಮುಚ್ಚಿದ್ದ ನಾ ಯಾವಾಗ ನೋಡ್ಲಿ? ಜಡ್ಡಿನಾಗ ಬಾಜೂಕ ಕುಂತಾಕಿ ನೀ, ನಾ ಅಂಗಡ್ಯಾಗ. ಅಯ್ಯ ಶಿವನ! ಹೆದರಿಕಿನೂ ಹೌದು, ಗುಡಿಯೊಳಗ ನಿಂತಂಗೂ ಹೌದು. ಚಪ್ಪಲಿ ಕಳದು ನಿಂತ್ನಿ. ಅಲ್ಲಿದ್ದ ಹುಡುಗಿ "ಯಜ್ಜಾ, ಚಪ್ಪಲ್ ಹಾಕೋರಿ, ನಡೀತದ" ಅಂದ್ಲು. ನಾ ಹಾಕೊಳ್ಳಿಲ್ಲ.

ನನ್ನ ಸ್ಟುಡಿಯೋದ ಕಸಬು ನಿಂಗ ಗೊತ್ತ ಐತಿ. ಸತ್ತವರನ್ನ ಕುಂಡ್ರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ನನಗ ಹೇಳಿ ಕಳಸ್ತಿದ್ರು. ಫೋಟೋ ತಗದ ಮ್ಯಾಲ "ಸದಾಶಿವಪ್ಪಾ, ಕಣ್ಣ ತೆರಸಿ ಕೊಡ್ರಿ" ಅಂತಿದ್ರು. ನಾ ಬ್ರಶ್ಶಿಲೆ ಕಣ್ಣ ಬರೀತಿದ್ನಿ. ನೂರಾರ ಮಂದಿಗೆ ಅವೇ ಎರಡ ಕಣ್ಣು. ನಿಮ್ಮವ್ವನ ಫೋಟೋಕ್ಕೂ ಕೈ ರೂಢಿಲೆ ಆ ಕಣ್ಣನ್ನ ಬರದ ಬಿಡ್ತು, ಆ ಮಚ್ಚಿ ಮ್ಯಾಲನ, ಅದನ್ನ ನೋಡದನ. ಬೆಳಗಾವಿಯಿಂದ ಬಂದು ನಮ್ಮ ಗ್ವಾಡಿ ಮ್ಯಾಲಿನ ಆ ಫೋಟೋ ನೋಡಿದ್ನಿ. ಅಲ್ಲಿರೂದು ಆಕಿ ಅಲ್ಲ ಗಂಗಾ. ಆಕಿ ನಿನ್ನ ಹಂತ್ಯಾಕ ಅದಾಳ. ನಾ ತಪ್ಪ ಮಾಡಿದ್ನಿ, ನನ್ನವ್ವಾ.

ಉಣ್ಣೂದ ತಪ್ಪಸಬ್ಯಾಡ. ಗುಡ್ಡದ ಎಲ್ಲವ್ವ ನಿನ್ನ ಕೈ, ಕಣ್ಣ ಕಾಯಲಿ.

ನಿಮ್ಮಪ್ಪ,
ಸದಾಶಿವ

ತಾ.ಕ.: ಆ ಫೋಟೋ ಇಳಿಸೇನಿ, ಮೊಳಿ ಖಾಲಿ ಐತಿ. ನೀ ತಗದ ಆ ಕಣ್ಣ ಮುಚ್ಚಿದ ಫೋಟೋ ಟಪಾಲಿಗೆ ಹಾಕಬ್ಯಾಡ, ನೀನ ತಗೊಂಡ ಬಾ. ಮುಂದ ನನ್ನ ಕುಂಡ್ರಿಸಿದಾಗೂ ಫೋಟೋ ನೀನ ತೆಗಿ. ಕಣ್ಣ ತೆರಸಾಕ ಯಾರಿಗೂ ಕೊಡಬ್ಯಾಡ.